ಟ್ರೇಲರ್ ಎಳೆಯುವ ರಾಮ್ 2500 ಕಮಿನ್ಸ್‌ಗೆ ಯಾವ ಟ್ಯೂನರ್ ಹಾಕಿಸಬೇಕು?

ರಾಕೀಸ್ ಕನ್ನಡಿಗ (ಡೆನ್ವರ್):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2016ರ ರಾಮ್ 2500 ಪಿಕಪ್ ಇದೆ. 6.7 ಲೀಟರ್ ಕಮಿನ್ಸ್ ಡೀಸೆಲ್, 68ಆರ್‌ಎಫ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್, 3.42 ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 3.42 ಸುತ್ತು ತಿರುಗಬೇಕು), ಫೋರ್ ವೀಲ್ ಡ್ರೈವ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು 35 ಇಂಚಿನ ಟೈರ್ ಹಾಕಿಸಿದ್ದರು, ಅವೇ ಇವೆ.

ಹಿಂದೆ ಕಟ್ಟುವುದು ಟ್ರಾವೆಲ್ ಟ್ರೇಲರ್. ನೀರು, ಸಾಮಾನು ಎಲ್ಲ ತುಂಬಿದ ಮೇಲೆ 9,000 ಪೌಂಡ್ ಹತ್ತಿರ ಬರುತ್ತದೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಸೇರಿಸಿ ಆರು ಜನ ಮೋಆಬ್ ಕಡೆ ಹೋಗುತ್ತೇವೆ. ಹೋಗುವಾಗ ಹೇಗೋ ಆಗುತ್ತದೆ. ವಾಪಸ್ ಬರುವಾಗ ಐ-70ರಲ್ಲಿ ಸಿಲ್ವರ್‌ಥಾರ್ನ್ ದಾಟಿ ಐಸನ್‌ಹೋವರ್ ಸುರಂಗಕ್ಕೆ ಏರುವ ಘಟ್ಟ ಇದೆಯಲ್ಲ, ಅಲ್ಲಿ ಗಾಡಿ ಸುಸ್ತಾಗಿಬಿಡುತ್ತದೆ. 55 ಮೈಲಿ ವೇಗ ನಿಲ್ಲುವುದೇ ಇಲ್ಲ. ಗೇರ್ ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ ಒದ್ದಾಡುತ್ತದೆ, ಗೇರ್‌ಬಾಕ್ಸ್ ಎಣ್ಣೆಯ ಬಿಸಿ 220 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಹಿಂದೆ ಕೂತ ಅಮ್ಮ "ಯಾಕಪ್ಪಾ ಹಿಂಗೆ ಕೂಗ್ತಿದೆ" ಅಂತ ಕೇಳುತ್ತಾರೆ.

ಅದಕ್ಕೇ ಟ್ಯೂನರ್, ಅಂದರೆ ಎಂಜಿನ್ ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಸಾಧನ, ಹಾಕಿಸೋಣ ಅಂತ ನೋಡುತ್ತಿದ್ದೇನೆ. ಎಡ್ಜ್ ಎವಲ್ಯೂಷನ್, ಬ್ಯಾಂಕ್ಸ್ ಡೆರಿಂಜರ್, ಎಡ್ಜ್ ಪಲ್ಸರ್, ಹೀಗೆ ಒಂದಷ್ಟು ಹೆಸರು ಸಿಕ್ಕಿವೆ. ಇಲ್ಲೇ ಒಂದು ಅಂಗಡಿಯವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಎಲ್ಲ ಕಿತ್ತು ಟ್ಯೂನ್ ಮಾಡಿಕೊಡುತ್ತೇವೆ, 500 ಹಾರ್ಸ್‌ಪವರ್ ಬರುತ್ತದೆ ಅಂದರು. ಹಾಗೆ ಕಿತ್ತು ಡಿಲೀಟ್ ಮಾಡಿಸಲು ನನಗೆ ಮನಸ್ಸಿಲ್ಲ. ರೇಸ್ ಓಡಿಸುವ ಆಸೆಯೂ ಇಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ನೆಮ್ಮದಿಯಿಂದ ಘಟ್ಟ ಹತ್ತಬೇಕು, ಅಷ್ಟೇ. ಯಾವುದನ್ನು ತಗೊಳ್ಳಲಿ?

ಡ್ಯಾಲಸ್ ಡೀಸೆಲ್:

ನಾನು 2015ರ ಫೋರ್ಡ್ ಎಫ್-250 ಓಡಿಸುತ್ತೇನೆ, 6.7 ಪವರ್‌ಸ್ಟ್ರೋಕ್ ಡೀಸೆಲ್ ಎಂಜಿನ್. ಕುದುರೆ ಟ್ರೇಲರ್ ಎಳೆಯುವುದೇ ಅದರ ಕೆಲಸ. ಟೋ ಟ್ಯೂನ್, ಅಂದರೆ ಭಾರ ಎಳೆಯುವುದಕ್ಕೆಂದೇ ಇರುವ ಟ್ಯೂನ್, ಹಾಕಿಸಿದ ಮೇಲೆ ನಿಜವಾಗಿಯೂ ವ್ಯತ್ಯಾಸ ಇದೆ. ಏರಿನಲ್ಲಿ ಗೇರ್ ಸುಮ್ಮಸುಮ್ಮನೆ ಬದಲಾಗುವುದು ಕಡಿಮೆಯಾಗಿದೆ. ಪೆಡಲ್ ಒತ್ತಿದ ತಕ್ಷಣ ಎಳೆತ ಸಿಗುತ್ತದೆ. ಹಾಗಾಗಿ ಟ್ಯೂನರ್ ಅಂದರೆ ದುಡ್ಡು ದಂಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಈ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಮಾರುತ್ತಾರೆ, ಅದನ್ನು ಮೊದಲು ತಿಳಿದುಕೊಳ್ಳಿ. ಒಂದು ಫ್ಲ್ಯಾಶ್ ಟ್ಯೂನರ್. ಇದು ಎಂಜಿನ್ ಕಂಪ್ಯೂಟರ್ ಒಳಗಿನ ಲೆಕ್ಕಾಚಾರವನ್ನೇ ಬದಲಿಸಿ ಬರೆಯುತ್ತದೆ: ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಎಷ್ಟು ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಅನ್ನುವುದೆಲ್ಲ. ಕೆಲವದರಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಬದಲಿಸಬಹುದು. ಇನ್ನೊಂದು ಇನ್‌ಲೈನ್ ಮಾಡ್ಯೂಲ್. ಇದು ಸೆನ್ಸರ್ ವೈರಿನ ಮಧ್ಯೆ ಕೂತು ಸಿಗ್ನಲ್ ತಿದ್ದಿ ಕಳಿಸುತ್ತದೆ. ಬೇಡ ಅಂದರೆ ಬಿಚ್ಚಿ ಇಡಬಹುದು, ಕಂಪ್ಯೂಟರ್ ಹಾಗೇ ಇರುತ್ತದೆ. ಡೆರಿಂಜರ್, ಪಲ್ಸರ್ ಈ ಜಾತಿ. ಇವೆರಡೂ ಅಲ್ಲದೆ ಪೆಡಲ್ ಬೂಸ್ಟರ್ ಅಂತ ಒಂದು ಬರುತ್ತದೆ. ಅದು ಪೆಡಲ್ ಚುರುಕು ಮಾಡುತ್ತದೆ, ಒಂದು ಹಾರ್ಸ್‌ಪವರನ್ನೂ ಕೂಡಿಸುವುದಿಲ್ಲ. ಅದನ್ನು ಟ್ಯೂನರ್ ಅಂದುಕೊಂಡು ತಗೋಬೇಡಿ.

ಟ್ರೇಲರ್ ಎಳೆಯುವವರಿಗೆ ಮೆನುವಿನಲ್ಲಿ ಟೋ ಅಂತ ಇರುವ ಸಣ್ಣ ಹಂತವೇ ಸರಿ. ಅದರ ಮೇಲಿನ ಹಂತಗಳು ಖಾಲಿ ಗಾಡಿಗೆ. ಮೈಲೇಜ್ ಜಾಸ್ತಿ ಆಗುತ್ತದೆ ಅನ್ನುವ ಜಾಹೀರಾತನ್ನು ನಂಬಿ ಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್ ಟ್ಯೂನರ್ ಕಡಿಮೆಗೆ ಸಿಕ್ಕರೆ ಹುಷಾರು. ಒಂದು ಗಾಡಿಗೆ ಹಾಕಿದ ಮೇಲೆ ಅದು ಆ ಗಾಡಿಯ ವಿಐಎನ್ (ಗುರುತಿನ) ನಂಬರಿಗೆ ಅಂಟಿಕೊಳ್ಳುತ್ತದೆ. ಹಳೆಯ ಮಾಲೀಕ ತನ್ನ ಗಾಡಿಯನ್ನು ಸ್ಟಾಕ್‌ಗೆ (ಕಂಪನಿಯ ಮೂಲ ಸ್ಥಿತಿಗೆ) ತಂದು ಬಿಡಿಸಿಕೊಟ್ಟಿರದಿದ್ದರೆ ನಿಮ್ಮದಕ್ಕೆ ಕೂರುವುದಿಲ್ಲ.

ಶಿರಸಿ ಟು ಸಿಯಾಟಲ್:

ರಾಕೀಸ್ ಅವರೇ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಟ್ಯೂನರ್ ಅಲ್ಲ, 3.42 ಆಕ್ಸಲ್ ಮತ್ತು 35 ಇಂಚಿನ ಟೈರ್. ಸ್ವಲ್ಪ ಲೆಕ್ಕ ಹಾಕೋಣ, ಉದ್ದವಾದರೂ ಓದಿ, ಯಾಕಂದರೆ ನಿಮ್ಮ ಉತ್ತರ ಇದರೊಳಗೇ ಇದೆ ಅಂತ ನನಗೆ ಅನ್ನಿಸುತ್ತದೆ.

ಕಂಪನಿಯಿಂದ ಬರುವ 275/70ಆರ್18 ಟೈರಿನ ಎತ್ತರ ಸುಮಾರು 33.2 ಇಂಚು. ನಿಮ್ಮದು 35. ಟೈರ್ ದೊಡ್ಡದಾದರೆ ಆಕ್ಸಲ್ ಅನುಪಾತ ಕಡಿಮೆಯಾದ ಹಾಗೆ. 3.42 ಇದ್ದದ್ದು 3.24 ಇದ್ದಂತೆ ನಡೆದುಕೊಳ್ಳುತ್ತದೆ. ರಾಮ್‌ನವರು ಈ ಗಾಡಿಗೆ ಕೊಟ್ಟ ಮೂರು ಆಕ್ಸಲ್‌ಗಳಲ್ಲಿ 3.42 ಮೊದಲೇ ಎಲ್ಲಕ್ಕಿಂತ ಕಡಿಮೆ. ಉಳಿದವು 3.73 ಮತ್ತು 4.10.

ಈಗ ಘಟ್ಟ. ಟ್ರೇಲರ್, ಗಾಡಿ, ಜನ ಎಲ್ಲ ಸೇರಿ 17,500 ಪೌಂಡ್ ಅಂದುಕೊಳ್ಳಿ. ಆ ಏರು ಸುಮಾರು 8 ಮೈಲಿ, ಕಡಿದಾದ ಕಡೆ 7 ಶೇಕಡಾ. 55 ಮೈಲಿ ವೇಗದಲ್ಲಿ ಆ ಭಾರವನ್ನು ಮೇಲೆತ್ತಲಿಕ್ಕೇ 180 ಹಾರ್ಸ್‌ಪವರ್ ಬೇಕು. ಗಾಳಿ ಮತ್ತು ಟೈರಿನ ತಡೆಗೆ ಅಂದಾಜು 75 ಸೇರಿಸಿ. ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ಹೋಗುವ ನಷ್ಟ ಸೇರಿಸಿದರೆ ಎಂಜಿನ್ ಹತ್ತಿರ ಹತ್ತಿರ 300 ಕೊಡಬೇಕು. ನಿಮ್ಮ ಎಂಜಿನ್ ಸ್ಟಾಕ್‌ನಲ್ಲೇ 370 ಕೊಡುತ್ತದೆ, ಆದರೆ ಅದು 2,800 ಆರ್‌ಪಿಎಂನಲ್ಲಿ. 800 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) 1,600ರಲ್ಲಿ.

68ಆರ್‌ಎಫ್‌ಇಯಲ್ಲಿ ನಾಲ್ಕನೇ ಗೇರ್ ಒಂದಕ್ಕೊಂದು. ನಿಮ್ಮ ಟೈರು, ಆಕ್ಸಲ್‌ಗೆ 55 ಮೈಲಿಯಲ್ಲಿ ನಾಲ್ಕನೇ ಗೇರಲ್ಲಿ ಎಂಜಿನ್ ತಿರುಗುವುದು 1,800 ಆರ್‌ಪಿಎಂ. ಆ ಆರ್‌ಪಿಎಂನಲ್ಲಿ ಪೂರ್ತಿ 800 ಟಾರ್ಕ್ ಕೊಟ್ಟರೂ ಆಗುವುದು 274 ಹಾರ್ಸ್‌ಪವರ್. ಬೇಕಾಗಿದ್ದು 300! ಅದಕ್ಕೇ ವೇಗ ಇಳಿಯುತ್ತದೆ, ಗೇರ್‌ಬಾಕ್ಸ್ ಮೂರಕ್ಕೆ ಬೀಳುತ್ತದೆ, ಅಲ್ಲಿ ಸ್ವಲ್ಪ ಚೇತರಿಸಿಕೊಂಡು ನಾಲ್ಕಕ್ಕೆ ಹೋಗುತ್ತದೆ, ಅಲ್ಲಿ ಮತ್ತೆ ಸಾಲುವುದಿಲ್ಲ, ಮತ್ತೆ ಮೂರು. ನೀವು ಹೇಳಿದ ಒದ್ದಾಟ ಇದೇ ಅಲ್ವಾ? ಎಂಜಿನ್ನಿಗೆ ಶಕ್ತಿ ಇಲ್ಲ ಅಂತಲ್ಲ. ಇರುವ ಶಕ್ತಿ ಸಿಗುವ ಆರ್‌ಪಿಎಂಗೆ ಅದು ಹೋಗುತ್ತಲೇ ಇಲ್ಲ.

ಅದೇ 55 ಮೈಲಿಯಲ್ಲಿ ಮೂರನೇ ಗೇರ್ ಹಿಡಿದರೆ 2,550 ಆರ್‌ಪಿಎಂ ಆಗುತ್ತದೆ. ಅಲ್ಲಿ 300 ಆರಾಮಾಗಿ ಸಿಗುತ್ತದೆ. ಸದ್ದು ಜಾಸ್ತಿ ಇರುತ್ತದೆ, ಅದು ಎಂಜಿನ್ನಿಗೆ ಒಳ್ಳೆಯ ಸದ್ದೇ. ಗಾಳಿ ಹೆಚ್ಚು ಓಡುತ್ತದೆ, ಸಿಲಿಂಡರ್ ತಣ್ಣಗಿರುತ್ತದೆ, ಫ್ಯಾನು ಮತ್ತು ನೀರಿನ ಪಂಪು ಜೋರಾಗಿ ತಿರುಗುತ್ತವೆ. ಅಮ್ಮನಿಗೆ ಹೇಳಿ, ಕೂಗಲಿ ಬಿಡಿ ಅಂತ.

ಈಗ ಇದಕ್ಕೆ 50 ಹಾರ್ಸ್‌ಪವರಿನ ಟ್ಯೂನ್ ಹಾಕಿದರೆ ಏನಾಗುತ್ತದೆ? ನಾಲ್ಕನೇ ಗೇರಲ್ಲೇ ಘಟ್ಟ ಹತ್ತಿಬಿಡುತ್ತದೆ, ನಿಜ. ಆದರೆ ಹೇಗೆ ಹತ್ತುತ್ತದೆ? 1,800 ಆರ್‌ಪಿಎಂನಲ್ಲಿ 900 ಪೌಂಡ್-ಅಡಿಯಷ್ಟು ಟಾರ್ಕನ್ನು ಆ ಗೇರ್‌ಬಾಕ್ಸ್ ಮೂಲಕ ತಳ್ಳಿಕೊಂಡು, ಕಡಿಮೆ ಗಾಳಿಗೆ ಹೆಚ್ಚು ಡೀಸೆಲ್ ಸುರಿದುಕೊಂಡು. ಸುರಂಗದ ಬಾಗಿಲು 11,000 ಅಡಿ ಎತ್ತರದಲ್ಲಿದೆ. ಗಾಳಿ ಮೊದಲೇ ತೆಳು.

ನನ್ನ ಸಲಹೆ ಇಷ್ಟು. ಟೈರ್ ಸವೆದಾಗ ಕಂಪನಿ ಅಳತೆಗೆ ವಾಪಸ್ ಬನ್ನಿ. 35 ಬೇಕೇ ಬೇಕು ಅಂದರೆ ಎರಡೂ ಆಕ್ಸಲ್‌ಗೆ 4.10 ಗೇರ್ ಹಾಕಿಸಿ, ಆಗ ನಾಲ್ಕನೇ ಗೇರಲ್ಲಿ 55ಕ್ಕೆ 2,165 ಆರ್‌ಪಿಎಂ ಸಿಗುತ್ತದೆ, ಘಟ್ಟವನ್ನು ನಾಲ್ಕರಲ್ಲೇ ಹಿಡಿಯುತ್ತದೆ. ಸಪಾಟು ರಸ್ತೆಯಲ್ಲೂ ಲಾಭ ಇದೆ. ಈಗ ನೀವು ಆರನೇ ಗೇರಲ್ಲಿ 65 ಮೈಲಿ ಹೋದರೆ ಎಂಜಿನ್ 1,350ರ ಹತ್ತಿರ ತಿರುಗುತ್ತಿರುತ್ತದೆ. 9,000 ಪೌಂಡ್ ಎಳೆಯುವ ಆರ್‌ಪಿಎಂ ಅಲ್ಲ ಅದು.

ಹೂಸ್ಟನ್ ಹುಲಿ:

ಇಷ್ಟೆಲ್ಲ ಲೆಕ್ಕ ಯಾಕೆ. ಡಿಲೀಟ್ ಮಾಡಿಸಿ, ದೊಡ್ಡ ಟ್ಯೂನ್ ಹಾಕಿಸಿ, ಆರಾಮಾಗಿ ಓಡಿಸಿ. ಎಲ್ಲರೂ ಮಾಡಿಸುತ್ತಾರೆ. ಇಜಿಆರ್ ಮಸಿಯಲ್ಲೇ ಎಂಜಿನ್ ಸಾಯುವುದು.

ಫೀನಿಕ್ಸ್ ಗ್ಯಾರೇಜ್:

ಹುಲಿ ಅವರೇ, ಗೌರವದಿಂದಲೇ ಹೇಳುತ್ತೇನೆ, ಬೇಡ. ನಾನು ಅರಿಜೋನಾದಲ್ಲಿ ಡೀಸೆಲ್ ಪಿಕಪ್ ರಿಪೇರಿ ಮಾಡುತ್ತೇನೆ. ಇಜಿಆರ್ ಮಸಿ ಕಟ್ಟುವುದು ನಿಜ, ಅದನ್ನು ಬಿಚ್ಚಿ ತೊಳೆಯಬಹುದು. ಎಮಿಷನ್, ಅಂದರೆ ಹೊಗೆ ನಿಯಂತ್ರಿಸುವ ಸಾಮಾನು ಕಿತ್ತುಹಾಕುವುದು ಅಮೆರಿಕದಲ್ಲಿ ಕ್ಲೀನ್ ಏರ್ ಆಕ್ಟ್‌ಗೆ ವಿರುದ್ಧ. ಎಲ್ಲರೂ ಮಾಡಿಸುತ್ತಾರೆ ಅಂದಿರಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಗೆ ಹೀಗೆ ಮಾಡಿದ್ದಾರೆ. ತುಂಬಾ ಜನ, ಹೌದು. ಆ ಹೊಗೆಯೂ ಅಷ್ಟೇ ತುಂಬಾ, ಅದನ್ನು ಉಸಿರಾಡುವುದು ನಮ್ಮ ಮಕ್ಕಳೇ. ರಾಕೀಸ್ ಅವರು ಇರುವ ಡೆನ್ವರ್ ಸುತ್ತಮುತ್ತ ಡೀಸೆಲ್ ಗಾಡಿಗೆ ಎಮಿಷನ್ ಪರೀಕ್ಷೆಯೂ ಇದೆ. ಗಾಡಿ ಮಾರುವಾಗ ಡೀಲರ್‌ಗಳು ಡಿಲೀಟ್ ಆದದ್ದನ್ನು ಮುಟ್ಟಲು ಹಿಂಜರಿಯುತ್ತಾರೆ. ಡಿಲೀಟ್ ಬೇಡ ಅಂತ ಅವರೇ ಹೇಳಿದ್ದಾರೆ, ಅಲ್ಲಿಗೆ ಆ ಮಾತು ಮುಗಿಯಿತು.

ಶಿರಸಿಯವರು ಹಾಕಿದ ಲೆಕ್ಕ ಸರಿಯಾಗಿದೆ. ಅದಕ್ಕೆ ನಾನು ಗೇರ್‌ಬಾಕ್ಸ್ ವಿಷಯ ಸೇರಿಸುತ್ತೇನೆ. ಈ ಪಿಕಪ್‌ನಲ್ಲಿ ಎಂಜಿನ್ ಗಟ್ಟಿ, 68ಆರ್‌ಎಫ್‌ಇ ಅಷ್ಟು ಗಟ್ಟಿಯಲ್ಲ. ಟ್ಯೂನ್ ಮಾಡಿದ ಕಮಿನ್ಸ್ ನನ್ನ ಹತ್ತಿರ ಬರುವುದು ಬಹುತೇಕ ಗೇರ್‌ಬಾಕ್ಸ್ ರಿಪೇರಿಗೇ. ಓವರ್‌ಡ್ರೈವ್ ಕ್ಲಚ್ ಸುಟ್ಟಿರುತ್ತದೆ, ಇಲ್ಲವೇ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಜಾರುತ್ತಿರುತ್ತದೆ. ಐದು, ಆರನೇ ಗೇರಲ್ಲಿ ಕನ್ವರ್ಟರ್ ಲಾಕ್ ಆಗಿರುವಾಗ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚುವರಿ ಟಾರ್ಕ್ ಸುರಿದರೆ ಅದು ತಡೆಯುವುದಿಲ್ಲ. ಅದೇ ಕಾಲದ ರಾಮ್ 3500ರಲ್ಲಿ ಹೆಚ್ಚು ಟಾರ್ಕಿನ ಎಂಜಿನ್ ಜೊತೆಗೆ ಐಸಿನ್ ಗೇರ್‌ಬಾಕ್ಸ್ ಕೊಟ್ಟಿದ್ದು ಸುಮ್ನೆ ಅಲ್ಲ. ಡ್ಯಾಲಸ್‌ನವರ ಫೋರ್ಡ್‌ನಲ್ಲಿ 6ಆರ್140 ಗೇರ್‌ಬಾಕ್ಸ್ ಇದೆ, ಅದು ಇದಕ್ಕಿಂತ ತಾಳಿಕೊಳ್ಳುತ್ತದೆ. ಹಾಗಾಗಿ ಅವರಿಗೆ ಒಗ್ಗಿದ್ದು ನಿಮಗೂ ಒಗ್ಗುತ್ತದೆ ಅಂತ ಇಲ್ಲ. ಅವರ ಗಾಡಿಯ ಚಿಂತೆ ಬೇರೆ, ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ತಳ್ಳುವ ಸಿಪಿ4 ಪಂಪು. ಅದು ಒಡೆದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಡ್ಯಾಲಸ್ ಅವರೇ, ಡೀಸೆಲ್ ಫಿಲ್ಟರ್ ಸಮಯಕ್ಕೆ ಸರಿಯಾಗಿ ಬದಲಿಸಿ.

ರಾಕೀಸ್ ಅವರೇ, ದುಡ್ಡು ಖರ್ಚು ಮಾಡುವ ಮೊದಲು ಇವನ್ನು ನೋಡಿಸಿ. ನಿಮ್ಮ ಗಾಡಿಯಲ್ಲಿ ಎರಡು ಡೀಸೆಲ್ ಫಿಲ್ಟರ್ ಇವೆ, ಒಂದು ಎಂಜಿನ್ ಮೇಲೆ, ಇನ್ನೊಂದು ಹಿಂದೆ ಫ್ರೇಮ್ ಹತ್ತಿರ. ಎರಡನೆಯದನ್ನು ಮರೆಯುವವರೇ ಜಾಸ್ತಿ. 15,000 ಮೈಲಿಗೆ ಎರಡನ್ನೂ ಬದಲಿಸಬೇಕು. ಎಂಜಿನ್ ಮೇಲಿನ ಕ್ರ್ಯಾಂಕ್‌ಕೇಸ್ ಫಿಲ್ಟರ್ 67,500 ಮೈಲಿಗೆ. ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಭಾಗ) ಪೈಪು ಜೋಡಿಸುವ ರಬ್ಬರ್ ಬೂಟುಗಳಲ್ಲಿ ಎಣ್ಣೆ ಜಿನುಗುತ್ತಿದೆಯಾ ನೋಡಿ, ಅಲ್ಲಿ ಬೂಸ್ಟ್ ಸೋರಿದರೆ ಯಾವ ಟ್ಯೂನರ್ ಹಾಕಿಯೂ ಪ್ರಯೋಜನ ಇಲ್ಲ. ಗೇರ್‌ಬಾಕ್ಸ್ ಎಣ್ಣೆ, ಫಿಲ್ಟರ್ ಹಿಂದಿನವರು ಯಾವಾಗ ಬದಲಿಸಿದ್ದರೋ ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ. ಇನ್ನೊಂದು, ಆ 35 ಇಂಚಿನ ಟೈರಿನ ಅಳತೆಯನ್ನು ಗಾಡಿಯ ಕಂಪ್ಯೂಟರಿಗೆ ಯಾರಾದರೂ ಹೇಳಿದ್ದಾರಾ? ಇಲ್ಲದಿದ್ದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಗೇರ್ ಬದಲಾಗುವ ಲೆಕ್ಕವೂ ತಪ್ಪುತ್ತದೆ.

ಆಮೇಲೆ ಮಾನಿಟರ್, ಅಂದರೆ ಗಾಡಿಯ ಅಂಕಿಗಳನ್ನು ತೋರಿಸುವ ಪರದೆ. ಟ್ಯೂನರಿಗಿಂತ ಮೊದಲು ಮಾನಿಟರ್ ತಗೊಳ್ಳಿ, ಇದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಎಡ್ಜ್ ಇನ್‌ಸೈಟ್, ಬ್ಯಾಂಕ್ಸ್ ಐಡ್ಯಾಶ್ ಯಾವುದಾದರೂ ಸರಿ. ಅದರಲ್ಲಿ ಗೇರ್‌ಬಾಕ್ಸ್ ಬಿಸಿ, ಕೂಲೆಂಟ್ ಬಿಸಿ, ಬೂಸ್ಟ್, ಹೊಗೆಯ ಬಿಸಿ ಅಂದರೆ ಇಜಿಟಿ, ಡಿಪಿಎಫ್ ರೀಜೆನ್ (ಕೂಡಿದ ಮಸಿಯನ್ನು ಸುಡುವುದು) ನಡೆಯುತ್ತಿದೆಯಾ ಅನ್ನುವುದೆಲ್ಲ ಕಾಣುತ್ತದೆ. ಟರ್ಬೊಗೆ ಮೊದಲು ಇಜಿಟಿ 1,250 ಡಿಗ್ರಿ ಫ್ಯಾರನ್‌ಹೀಟ್ ದಾಟಿ ತುಂಬಾ ಹೊತ್ತು ನಿಲ್ಲಬಾರದು, ಪಿಸ್ಟನ್ ಅಲ್ಯೂಮಿನಿಯಂನದು. ನಿಮ್ಮ ಗಾಡಿಯ ಕಂಪನಿ ಸೆನ್ಸರ್ ಇರುವುದು ಟರ್ಬೊ ಆದಮೇಲೆ, ಅಲ್ಲಿ ಹೊಗೆ ಸ್ವಲ್ಪ ತಣ್ಣಗಾಗಿರುತ್ತದೆ, ಅಂಕಿ ನೂರಾರು ಡಿಗ್ರಿ ಕಡಿಮೆ ತೋರಿಸುತ್ತದೆ. ಸರಿಯಾದ ಅಂಕಿ ಬೇಕಿದ್ದರೆ ಮ್ಯಾನಿಫೋಲ್ಡ್‌ಗೆ ಬೇರೆ ಪ್ರೋಬ್ ಹಾಕಿಸಬೇಕು. ಟ್ಯೂನ್ ಹಾಕಿ ಘಟ್ಟ ಹತ್ತುವವರಿಗೆ ಅದು ಇರಲೇಬೇಕು. ರೀಜೆನ್ ಸಮಯದಲ್ಲಿ ಡಿಪಿಎಫ್ ಹತ್ತಿರದ ಅಂಕಿ 1,100 ಆಸುಪಾಸು ಬಂದರೆ ಗಾಬರಿಯಾಗಬೇಡಿ, ಅದು ಮಸಿ ಸುಡುತ್ತಿರುವುದು.

ಇಷ್ಟೆಲ್ಲ ಮಾಡಿದ ಮೇಲೂ ಟ್ಯೂನರ್ ಬೇಕು ಅನ್ನಿಸಿದರೆ, ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕಾರ್ಬ್ ಕೊಡುವ ಇಒ (ಒಪ್ಪಿಗೆ ಆದೇಶ) ನಂಬರ್ ಇರುವುದನ್ನೇ ತಗೊಳ್ಳಿ. ಪೆಟ್ಟಿಗೆ ಮೇಲೆ 50 ರಾಜ್ಯಗಳಲ್ಲೂ ನಡೆಯುತ್ತದೆ ಅಂತ ಬರೆದಿದ್ದರೆ ಸಾಲದು. ಕಾರ್ಬ್ ವೆಬ್‌ಸೈಟಿನಲ್ಲಿ ಆ ನಂಬರ್ ಹುಡುಕಿ, ನಿಮ್ಮ ವರ್ಷ, ನಿಮ್ಮ ಎಂಜಿನ್ ಅದರಲ್ಲಿ ಇದೆಯಾ ನೋಡಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಮಾದರಿ ಮಾರುತ್ತಾರೆ, ಒಂದಕ್ಕೆ ಇಒ ಇರುತ್ತದೆ, ಪಕ್ಕದ್ದಕ್ಕೆ ಇರುವುದಿಲ್ಲ. ಮತ್ತೆ ಗೇರ್‌ಬಾಕ್ಸ್ ಟ್ಯೂನ್ ಕೂಡ ಬರುತ್ತದಾ ಕೇಳಿ. ಗೇರ್‌ಬಾಕ್ಸ್ ಒಳಗಿನ ಎಣ್ಣೆಯ ಒತ್ತಡ, ಅಂದರೆ ಲೈನ್ ಪ್ರೆಷರ್, ಸ್ವಲ್ಪ ಏರಿಸಿ ಕ್ಲಚ್ ಬಿಗಿಯಾಗಿ ಹಿಡಿಯುವ ಹಾಗೆ ಮಾಡಿದರೆ 68ಆರ್‌ಎಫ್‌ಇ ಜಾಸ್ತಿ ದಿನ ಬಾಳುತ್ತದೆ.

ಡ್ಯಾಲಸ್ ಡೀಸೆಲ್:

ಗೇರ್‌ಬಾಕ್ಸ್ ವಿಷಯ ಒಪ್ಪಿದೆ. 68ಆರ್‌ಎಫ್‌ಇ ಅಂತ ಬರೆದಿದ್ದನ್ನು ಗಮನಿಸಿ ನೋಡಿದರೆ ಫ್ಲ್ಯಾಶ್ ಟ್ಯೂನ್‌ಗೆ ನಾನೂ ಅವಸರ ಮಾಡು ಅನ್ನುವುದಿಲ್ಲ. ಇನ್ನೊಂದು ಮಾತು, ಹೊಸ ಗಾಡಿ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ. ಈ ಡೀಸೆಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 5 ವರ್ಷ ಅಥವಾ 1,00,000 ಮೈಲಿ ವಾರಂಟಿ ಇರುತ್ತದೆ. ಹೊರಗಿನ ಸಾಮಾನು ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವ ಹಾಗಿಲ್ಲ, 1975ರ ಮ್ಯಾಗ್ನುಸನ್-ಮಾಸ್ ಕಾನೂನು ಅದನ್ನು ಹೇಳುತ್ತದೆ. ಆದರೆ ಟ್ಯೂನ್‌ನಿಂದಲೇ ಹಾಳಾಯಿತು ಅಂತ ತೋರಿಸಿದರೆ ಖರ್ಚು ನಿಮ್ಮದೇ. ಸ್ಟಾಕ್‌ಗೆ ವಾಪಸ್ ತಂದು ತೋರಿಸಿದರೂ ಕಂಪ್ಯೂಟರಿನಲ್ಲಿ ಗುರುತು ಉಳಿದಿರಬಹುದು.

ಶಿರಸಿ ಟು ಸಿಯಾಟಲ್:

ಯಾರೂ ಭಾರದ ಬಗ್ಗೆ ಮಾತಾಡಲಿಲ್ಲ. ರಾಕೀಸ್ ಅವರೇ, ಡ್ರೈವರ್ ಬಾಗಿಲಿನ ಪಕ್ಕದ ಹಳದಿ ಬಿಳಿ ಸ್ಟಿಕ್ಕರಿನಲ್ಲಿ ಪೇಲೋಡ್, ಅಂದರೆ ಗಾಡಿ ಹೊರಬಹುದಾದ ಭಾರ, ಎಷ್ಟಿದೆ? ಡೀಸೆಲ್ 2500ರ ಒಟ್ಟು ಮಿತಿ 10,000 ಪೌಂಡ್, ಗಾಡಿಯೇ ಅದರಲ್ಲಿ ಮುಕ್ಕಾಲು ಪಾಲು ತಿನ್ನುತ್ತದೆ. ಟ್ರೇಲರಿನ ನಾಲಿಗೆ ಭಾರ (ಅದರ ಮುಂತುದಿ ಗಾಡಿಯ ಮೇಲೆ ಹೇರುವ ಭಾರ) 12 ಶೇಕಡಾ ಅಂದರೂ 1,080 ಪೌಂಡ್. ಆರು ಜನ 900. ಹಿಚ್, ಕೂಲರ್, ಹಿಂದಿನ ಬೆಡ್‌ನಲ್ಲಿ ಏನೇನು ಹಾಕುತ್ತೀರೋ ಅದು ಬೇರೆ. ಟ್ಯೂನರ್ ಹಾಕಿದರೆ ಈ ಮಿತಿ ಒಂದು ಪೌಂಡೂ ಏರುವುದಿಲ್ಲ.

ರಾಕೀಸ್ ಕನ್ನಡಿಗ (ಡೆನ್ವರ್):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಸ್ಟಿಕ್ಕರ್ ನೋಡಿದೆ, 2,180 ಪೌಂಡ್ ಇದೆ. ಅಪ್ಪ ಅಮ್ಮ ಇದ್ದಾಗ ಮಿತಿಯ ಅಂಚಿನಲ್ಲೇ ಇದ್ದೇವೆ. ಬೆಡ್‌ನಲ್ಲಿ ಹಾಕುತ್ತಿದ್ದ ಜನರೇಟರ್, ಸೌದೆ ಇನ್ನು ಮೇಲೆ ಬೇಡ. ಸೌದೆ ಹೇಗೂ ಅಲ್ಲೇ ಸಿಗುತ್ತದೆ. ಫೋನಿನ ಜಿಪಿಎಸ್ ಜೊತೆ ಸ್ಪೀಡೋಮೀಟರ್ ಹೋಲಿಸಿದೆ, ಫೀನಿಕ್ಸ್ ಅವರು ಹೇಳಿದ ಹಾಗೆ ಕಡಿಮೆ ತೋರಿಸುತ್ತಿದೆ, ಅಂದರೆ ಟೈರ್ ಅಳತೆ ಯಾರೂ ಹಾಕಿಸಿಲ್ಲ. ಫ್ರೇಮ್ ಹತ್ತಿರದ ಫಿಲ್ಟರ್ ಬದಲಿಸಿದ ದಾಖಲೆಯೂ ಹಳೆಯ ಬಿಲ್ಲುಗಳಲ್ಲಿ ಇಲ್ಲ.

ಈಗ ಫಿಲ್ಟರ್‌ಗಳು, ಗೇರ್‌ಬಾಕ್ಸ್ ಎಣ್ಣೆ, ಟೈರ್ ಅಳತೆ ತಿದ್ದುವುದು, ಜೊತೆಗೆ ಒಂದು ಮಾನಿಟರ್. ಚಳಿಗಾಲಕ್ಕೆ ಟೈರ್ ಬದಲಿಸಬೇಕಿತ್ತು, 275/70ಆರ್18ಕ್ಕೇ ಹೋಗುತ್ತೇನೆ. ಟ್ಯೂನರ್ ದುಡ್ಡು ಸದ್ಯಕ್ಕೆ ಎತ್ತಿಡುತ್ತೇನೆ. ಮುಂದಿನ ಬೇಸಿಗೆಯಲ್ಲೂ ಎಳೆತ ಸಾಲದಿದ್ದರೆ ಮೊದಲು 4.10, ಆಮೇಲೆ ಇಒ ಇರುವ ಸಣ್ಣ ಟೋ ಟ್ಯೂನ್.

ಒಂದೇ ಅನುಮಾನ ಉಳಿದಿದೆ. ಮೂರನೇ ಗೇರನ್ನು ಹಿಡಿದಿಡುವುದು ಹೇಗೆ? ಮತ್ತೆ ಸುರಂಗ ದಾಟಿ ಜಾರ್ಜ್‌ಟೌನ್ ಕಡೆ ಇಳಿಯುವಾಗ ಏನು ಮಾಡಬೇಕು?

ಫೀನಿಕ್ಸ್ ಗ್ಯಾರೇಜ್:

ಟೋ/ಹಾಲ್ ಬಟನ್ ಒತ್ತಿ ಹೊರಡಿ. ಘಟ್ಟ ಶುರುವಾಗುವ ಮೊದಲೇ, ಎಂಜಿನ್ ಏದುಸಿರು ಬಿಡುವ ತನಕ ಕಾಯದೆ, ಗೇರ್ ಮಿತಿಯ ಮೈನಸ್ ಬಟನ್ ಒತ್ತುತ್ತಾ 3ಕ್ಕೆ ತನ್ನಿ. ಡ್ಯಾಶ್‌ಬೋರ್ಡಿನಲ್ಲಿ 3 ಅಂತ ಕಾಣುತ್ತದೆ, ಅದಕ್ಕಿಂತ ಮೇಲಿನ ಗೇರಿಗೆ ಹೋಗುವುದಿಲ್ಲ. ಬಲಗಡೆ ಲೇನ್ ಹಿಡಿದು 50ರಿಂದ 55ರಲ್ಲಿ ನಿಲ್ಲಿ. 65ಕ್ಕೆ ಆಸೆ ಪಡಬೇಡಿ, ಆ ವೇಗಕ್ಕೆ ಶಿರಸಿಯವರ ಲೆಕ್ಕದಲ್ಲೇ ಎಂಜಿನ್ 380 ಕೊಡಬೇಕಾಗುತ್ತದೆ. ಗೇರ್‌ಬಾಕ್ಸ್ 220 ದಾಟಿ ಏರುತ್ತಲೇ ಇದ್ದರೆ ಇನ್ನೂ ನಿಧಾನ ಮಾಡಿ, ಜಾಗ ಸಿಕ್ಕ ಕಡೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ, ಎಣ್ಣೆ ಕೂಲರ್ ಮೂಲಕ ತಿರುಗಿ ತಣ್ಣಗಾಗುತ್ತದೆ.

ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ವ್ಯವಸ್ಥೆ) ಆನ್ ಮಾಡಿ. ನಿಮ್ಮ ಗಾಡಿಯಲ್ಲಿ ಎರಡು ವಿಧ ಇದೆ. ಒಂದು ಸಲ ಒತ್ತಿದರೆ ಪೂರ್ತಿ, ಇನ್ನೊಂದು ಸಲ ಒತ್ತಿದರೆ ಆಟೊ. ಆಟೊ ನೀವು ಇಟ್ಟ ವೇಗವನ್ನು ಕಾಯ್ದುಕೊಳ್ಳುತ್ತದೆ. ಗೇರ್ ಮೂರೋ ನಾಲ್ಕೋ ಹಿಡಿದಿಡಿ, ಆರ್‌ಪಿಎಂ ಜಾಸ್ತಿ ಇದ್ದರೇ ಆ ಬ್ರೇಕಿಗೆ ಬಲ. ಟ್ರೇಲರ್ ಬ್ರೇಕ್ ಕಂಟ್ರೋಲರಿನ ಅಳತೆಯನ್ನು ಹೊರಡುವ ಮೊದಲು ಖಾಲಿ ಜಾಗದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಮಾನಿಟರ್ ಬಂದ ಮೇಲೆ ಘಟ್ಟದ ಅಂಕಿಗಳನ್ನು ಇಲ್ಲಿ ಹಾಕಿ, ಎಲ್ಲರೂ ಸೇರಿ ನೋಡೋಣ.